'ಬರ್ಕೊಳ್ಳಿ' ಅನ್ನುವುದಕ್ಕೆ ಮೊದಲು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಈ ಕಡೆಯ ಯಾವುದೇ ಪದವಿ ಕಾಲೇಜಿನ ಕಿಟಕಿಯಾಚೆ ಸ್ವಲ್ಪ ಹೊತ್ತು ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: 'ಬರ್ಕೊಳ್ಳಿ.' ಅಷ್ಟು ಹೊತ್ತಿಗೆ ಮೇಡಂ ಅರ್ಧ ಗಂಟೆ ಪಾಠ ಮಾಡಿರುತ್ತಾರೆ. ಬೋರ್ಡಿನ ಮೇಲೆ ಚಿತ್ರ ಬಿಡಿಸಿ, ಸುತ್ತಮುತ್ತಲ ಉದಾಹರಣೆ ಕೊಟ್ಟು, ಹಿಂದಿನ ಬೆಂಚಿನ ಒಬ್ಬರನ್ನು ಎಬ್ಬಿಸಿ ಪ್ರಶ್ನೆ ಕೇಳಿ, ಕೊನೆಗೆ ತಾವೇ ಉತ್ತರ ಹೇಳಿರುತ್ತಾರೆ. ಅಲ್ಲಿಯವರೆಗೆ ಒಂದು ಪೆನ್ನೂ ಮುಚ್ಚಳ ತೆಗೆದಿರುವುದಿಲ್ಲ. 'ಬರ್ಕೊಳ್ಳಿ' ಎಂದದ್ದೇ ತಡ, ಲಾಂಗ್ ಬುಕ್ಕುಗಳು ಪಟಪಟನೆ ತೆರೆದುಕೊಳ್ಳುತ್ತವೆ, ಬೆನ್ನುಗಳು ನೆಟ್ಟಗಾಗುತ್ತವೆ. ಮೇಡಂ ತಮ್ಮ ಹಳೆಯ ಹಾಳೆ ನೋಡಿಕೊಂಡು ನಿಧಾನವಾಗಿ ಹೇಳುತ್ತಾರೆ. ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ ಎಲ್ಲವನ್ನೂ ಹೇಳಿ ಬರೆಸುತ್ತಾರೆ. ಅರವತ್ತು ಕೈಗಳು ಒಂದೇ ವಾಕ್ಯವನ್ನು ಅರವತ್ತು ಸಲ ಬರೆಯುತ್ತವೆ.

ಇದನ್ನೇ ನಾವು ನೋಟ್ಸ್ ಎನ್ನುತ್ತೇವೆ. ನನ್ನ ಪ್ರಕಾರ ಅದು ನೋಟ್ಸ್ ಅಲ್ಲ, ಉಕ್ತಲೇಖನ. ನೋಟ್ಸ್ ಹುಟ್ಟಬೇಕಾದದ್ದು ಪೆನ್ನುಗಳು ಸುಮ್ಮನಿದ್ದ ಆ ಮೊದಲ ಅರ್ಧ ಗಂಟೆಯಲ್ಲಿ. ವಿಷಯ ಬಿಚ್ಚಿಕೊಂಡದ್ದು, 'ಯಾಕೆ' ಎನ್ನುವುದಕ್ಕೆ ಉತ್ತರ ಸಿಕ್ಕಿದ್ದು, ಪುಸ್ತಕದಲ್ಲಿಲ್ಲದ ಉದಾಹರಣೆ ಬಂದದ್ದು ಎಲ್ಲವೂ ಆಗಲೇ. ಬರೆಸಿದ ಭಾಗ ಹೇಗೂ ಗೈಡಿನಲ್ಲಿರುತ್ತದೆ, ಸೀನಿಯರ್‌ಗಳ ಜೆರಾಕ್ಸ್‌ನಲ್ಲಿರುತ್ತದೆ, ಈಗಂತೂ ಕ್ಲಾಸಿನ ವಾಟ್ಸಾಪ್ ಗುಂಪಿನ ಪಿಡಿಎಫ್‌ನಲ್ಲೂ ಇರುತ್ತದೆ. ಎಲ್ಲೂ ಇಲ್ಲದ್ದು ಆ ಅರ್ಧ ಗಂಟೆ ಮಾತ್ರ.

ಹಾಗೆಂದು ಬರೆಸುವವರನ್ನು ದೂರಿ ಪ್ರಯೋಜನವಿಲ್ಲ. ಅವರು ಬರೆಸುವುದಕ್ಕೆ ಗಟ್ಟಿ ಕಾರಣಗಳಿವೆ. ಇದು ಗಡಿಸೀಮೆ. ಬಾಗೇಪಲ್ಲಿ, ಚಿಂತಾಮಣಿ ಕಡೆಯ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು ಆಡುತ್ತಾರೆ, ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದುತ್ತಾರೆ, ಬಿ.ಕಾಂ.ಗೋ ಬಿ.ಎಸ್ಸಿ.ಗೋ ಸೇರಿದ ದಿನದಿಂದ ಇಂಗ್ಲಿಷ್ ಕೇಳಿಸಿಕೊಳ್ಳುತ್ತಾರೆ. ಕೇಳಿದ ವಾಕ್ಯ ತಲೆಗೆ ಇಳಿಯಬೇಕಾದರೆ ಎರಡು ಭಾಷೆಗಳನ್ನು ದಾಟಿ ಬರಬೇಕು. ಅಷ್ಟರಲ್ಲಿ ಮುಂದಿನ ವಾಕ್ಯ ಕೈತಪ್ಪುತ್ತದೆ. ಪರೀಕ್ಷೆಯಲ್ಲಿ ತಪ್ಪಿಲ್ಲದ ನಾಲ್ಕು ಸಾಲಾದರೂ ಬರೆಯಲಿ ಎಂಬ ಕಾಳಜಿಯಿಂದಲೇ ಅನೇಕ ಲೆಕ್ಚರರ್‌ಗಳು ಬರೆಸಲು ಶುರು ಮಾಡಿದವರು. ಕಾಳಜಿ ನಿಜವಾದದ್ದೇ. ಆದರೆ ಅದರ ಫಲ ಉಲ್ಟಾ ಆಗಿದೆ: ಹುಡುಗರು ಕೇಳುವುದನ್ನು ಬಿಟ್ಟು ಬರೆಸುವ ಗಳಿಗೆಗೆ ಕಾಯುವುದನ್ನು ಕಲಿತಿದ್ದಾರೆ.

ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಹುಡುಗನೊಬ್ಬ ಇದೇ ಮೂರು ಭಾಷೆಗಳ ದಾರಿಯಲ್ಲಿ ನಡೆದವನು. ಮೋಕ್ಷಗುಂಡಂ ಮನೆತನದ ಮನೆಮಾತು ತೆಲುಗು. ಶಾಲೆ ಚಿಕ್ಕಬಳ್ಳಾಪುರದಲ್ಲಿ. ಕಾಲೇಜು ಬೆಂಗಳೂರಿನ ಸೆಂಟ್ರಲ್ ಕಾಲೇಜು, ಆಗ ಮದ್ರಾಸ್ ವಿಶ್ವವಿದ್ಯಾಲಯದ ಅಧೀನದಲ್ಲಿದ್ದದ್ದು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಬೇಗ ತೀರಿಕೊಂಡಿದ್ದರಿಂದ ವಿಶ್ವೇಶ್ವರಯ್ಯ ಮನೆಪಾಠ ಹೇಳಿಯೇ ಓದಿನ ಖರ್ಚು ತೂಗಿಸಬೇಕಾಯಿತು. 1881ರಲ್ಲಿ ಬಿ.ಎ. ಮುಗಿಸಿ, ಪುಣೆಯ ಸೈನ್ಸ್ ಕಾಲೇಜು ಸೇರಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಹುದ್ದೆ.

ಈ ಸೀಮೆಯ ಮಕ್ಕಳಿಗೆ ವಿಶ್ವೇಶ್ವರಯ್ಯನವರ ಹೆಸರು ಹೇಳಿದರೆ ಬೀದಿ ದೀಪದ ಕೆಳಗೆ ಓದಿದ, ಸರ್ಕಾರಿ ಕೆಲಸಕ್ಕೊಂದು ಸ್ವಂತ ಕೆಲಸಕ್ಕೊಂದು ಎಂದು ಎರಡು ಮೇಣದಬತ್ತಿ ಇಟ್ಟುಕೊಂಡ ಕಥೆಗಳು ನೆನಪಾಗುತ್ತವೆ. ನನಗೆ ಆ ಕಥೆಗಳಿಗಿಂತ ಮನೆಪಾಠದ ಸಂಗತಿಯೇ ದೊಡ್ಡದೆನಿಸುತ್ತದೆ. ಬೆಳಿಗ್ಗೆ ಕಾಲೇಜಿನಲ್ಲಿ ಕೇಳುವ ಹುಡುಗ ಇನ್ನೊಂದು ಹೊತ್ತಿನಲ್ಲಿ ಮಕ್ಕಳಿಗೆ ಹೇಳಿಕೊಡುವ ಮೇಷ್ಟ್ರು. ಬೇರೆಯವರಿಗೆ ಹೇಳಿಕೊಡಬೇಕೆಂಬ ಹೊಣೆ ಹೊತ್ತವನ ಕಿವಿಯೇ ಬೇರೆ. ಅವನು ವಾಕ್ಯ ಹಿಡಿಯುವುದಿಲ್ಲ, ವಾಕ್ಯ ಯಾವುದರ ಮೇಲೆ ನಿಂತಿದೆ ಎಂದು ಹುಡುಕುತ್ತಾನೆ. ಮುಂದೆ ಮುಖ್ಯ ಎಂಜಿನಿಯರ್ ಆದಾಗ, 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದಾಗ, ತೊಂಬತ್ತರ ಹೊಸ್ತಿಲಲ್ಲಿ ತಮ್ಮ ವೃತ್ತಿಜೀವನದ ನೆನಪುಗಳನ್ನು 1951ರಲ್ಲಿ ಪುಸ್ತಕವಾಗಿ ತಂದಾಗ, ಎಲ್ಲ ಕಡೆಯೂ ಕಾಣುವುದು ನೋಡಿದ್ದನ್ನು, ಕೇಳಿದ್ದನ್ನು ಚೊಕ್ಕವಾಗಿ ಕ್ರಮಕ್ಕೆ ತಂದು ಬರೆಯುವ ಆ ಒಣ ಶಿಸ್ತು. ಪುಸ್ತಕದಲ್ಲಿ ರಸ ಕಡಿಮೆ ಎಂದು ಕೆಲವರು ಗೊಣಗುತ್ತಾರೆ. ಇರಬಹುದು, ಆದರೆ ಯಾವ ಮಾತು ಯಾಕೆ ಬಂತು ಎಂದು ತಿಳಿಯದ ಪುಟ ಅದರಲ್ಲಿ ಸಿಗುವುದು ಕಷ್ಟ.

ಇನ್ನು ಲೆಕ್ಕಕ್ಕೆ ಬರೋಣ. ಇಂಗ್ಲಿಷಿನಲ್ಲಿ ಪಾಠ ಮಾಡುವವರು ನಿಮಿಷಕ್ಕೆ ಸುಮಾರು ನೂರರಿಂದ ನೂರೈವತ್ತು ಪದ ಆಡುತ್ತಾರೆ. ಕೈಬರಹ ನಿಮಿಷಕ್ಕೆ ಇಪ್ಪತ್ತು ಇಪ್ಪತ್ತೈದು ಪದ ದಾಟುವುದು ಕಷ್ಟ. ಅಂದರೆ ಎಷ್ಟೇ ಬೆರಳು ನೋಯಿಸಿಕೊಂಡರೂ ಐದರಲ್ಲಿ ಒಂದು ಪದ. (ಕನ್ನಡದಲ್ಲಿ ಪದದ ಲೆಕ್ಕ ಇನ್ನೂ ಕಡಿಮೆ. 'ಬರೆದುಕೊಳ್ಳಬೇಕಾಗುತ್ತದೆ' ಎನ್ನುವುದೊಂದನ್ನೇ ಬರೆದುಕೊಳ್ಳಬೇಕಾದರೆ ಎಷ್ಟು ಒತ್ತಕ್ಷರ!) ಉಳಿದ ನಾಲ್ಕು ಹೇಗೂ ಕೈಬಿಟ್ಟು ಹೋಗುತ್ತವೆ. ಹಾಗಿದ್ದ ಮೇಲೆ ಯಾವ ನಾಲ್ಕನ್ನು ಬಿಡಬೇಕು ಎಂಬುದನ್ನು ನಾವೇ ನಿರ್ಧರಿಸುವುದು ಒಳ್ಳೆಯದು. ನೋಟ್ಸ್ ಮಾಡಿಕೊಳ್ಳುವವರ ಕಲೆ ಇರುವುದು ಬಿಡುವುದರಲ್ಲಿ.

ಹಾಗಾದರೆ ಏನನ್ನು ಹಿಡಿಯುವುದು? ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆಯವರನ್ನು ಕೇಳಿದರೆ ಹೇಳುತ್ತಾರೆ: ಬೆಂದ ಗೂಡಿನ ಎಳೆಯ ತುದಿ ಸಿಗುವವರೆಗೆ ರಾಟೆ ಎಷ್ಟು ತಿರುಗಿಸಿದರೂ ನೂಲು ಬರುವುದಿಲ್ಲ, ತುದಿ ಸಿಕ್ಕಿತೋ, ನೂರಾರು ಮೀಟರ್ ಎಳೆ ತಾನೇ ಬಿಚ್ಚಿಕೊಳ್ಳುತ್ತದೆ. ಪ್ರತಿ ಪೀರಿಯಡ್‌ಗೂ ಅಂಥದೊಂದು ತುದಿ ಇರುತ್ತದೆ, ಅದು ಸಾಮಾನ್ಯವಾಗಿ ಮೊದಲ ಐದು ನಿಮಿಷದಲ್ಲೇ ಬಂದು ಹೋಗುತ್ತದೆ. 'ನಿನ್ನೆ ಇಷ್ಟು ನೋಡಿದ್ವಿ, ಆದ್ರೆ ಒಂದು ತೊಂದ್ರೆ ಉಳೀತು' ಎಂದು ಸರ್ ಶುರು ಮಾಡಿದರೆ, ಆ ತೊಂದರೆಯೇ ತುದಿ. ನಮ್ಮ ಹುಡುಗರು ಬ್ಯಾಗಿನಿಂದ ಪುಸ್ತಕ ತೆಗೆಯುವುದು, ಹಾಜರಿ ಕೂಗುವಾಗ ಪಕ್ಕದವರ ಜೊತೆ ಪಿಸುಗುಡುವುದು ಸರಿಯಾಗಿ ಆ ಐದು ನಿಮಿಷದಲ್ಲೇ.

ಲೆಕ್ಚರರ್‌ಗಳು ತಮಗೆ ತಿಳಿಯದೆಯೇ ಸೂಚನೆಗಳನ್ನೂ ಕೊಡುತ್ತಿರುತ್ತಾರೆ. ಒಂದೇ ಮಾತನ್ನು ಎರಡು ಬಗೆಯಲ್ಲಿ ಹೇಳುವುದು, 'ಇಲ್ಲೇ ಎಲ್ಲರೂ ಎಡವೋದು' ಎನ್ನುವುದು, ಇಂಗ್ಲಿಷಿನಿಂದ ಇದ್ದಕ್ಕಿದ್ದಂತೆ ಕನ್ನಡಕ್ಕೋ ತೆಲುಗಿಗೋ ಜಾರುವುದು. ಈ ಕೊನೆಯದು ನಮ್ಮ ಸೀಮೆಯ ವಿಶೇಷ. ಚೆನ್ನಾಗಿ ಪಾಠ ಮಾಡುವವರು ನಿಜವಾಗಿ ತಿಳಿಯಲೇಬೇಕಾದದ್ದು ಬಂದಾಗ ಮನೆಮಾತಿಗೆ ಇಳಿಯುತ್ತಾರೆ. ಆಗ ಪೆನ್ನು ಓಡಬೇಕು. ಆಗುವುದು ಉಲ್ಟಾ: ಕನ್ನಡ ಬಂದ ಕೂಡಲೇ 'ಇದು ಎಕ್ಸ್‌ಪ್ಲನೇಶನ್' ಎಂದು ಪೆನ್ನು ಕೆಳಗಿಡುತ್ತಾರೆ.

ಹಾಳೆಯ ವಿನ್ಯಾಸಕ್ಕೆ ಜಗತ್ತಿನಲ್ಲಿ ಹೆಚ್ಚು ಹೆಸರಾದದ್ದು ಕಾರ್ನೆಲ್ ಪದ್ಧತಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಎಂಬ ಪ್ರಾಧ್ಯಾಪಕರು ಕಾಲೇಜು ಓದಿನ ಬಗ್ಗೆ 1962ರಲ್ಲಿ ತಂದ ಪುಸ್ತಕದಿಂದ ಅದು ಎಲ್ಲೆಡೆ ಹರಡಿತು. ಹಾಳೆಯ ಎಡಗಡೆ ಎರಡೂವರೆ ಅಂಗುಲದ ಪಟ್ಟಿ, ಬಲಗಡೆ ಆರು ಅಂಗುಲ, ಕೆಳಗೆ ಎರಡು ಅಂಗುಲ ಜಾಗ. ತರಗತಿಯಲ್ಲಿ ಬಲಗಡೆ ಮಾತ್ರ ಬರೆಯುವುದು. ಮನೆಗೆ ಹೋಗಿ ಎಡಗಡೆ ಆ ಬರಹಕ್ಕೆ ತಕ್ಕ ಪ್ರಶ್ನೆಗಳನ್ನು ಬರೆಯುವುದು. ಕೆಳಗೆ, ಆ ಪುಟದ ಸಾರ ಎರಡು ಸಾಲಿನಲ್ಲಿ. ನಮ್ಮ ಲಾಂಗ್ ಬುಕ್ಕಿನಲ್ಲಿ ಕೆಂಪು ಗೆರೆಯ ಮಾರ್ಜಿನ್ ಹೇಗೂ ಇದೆ. ಅದನ್ನು ಸ್ಕೇಲಿನಿಂದ ಇನ್ನೊಂದಿಷ್ಟು ಅಗಲ ಮಾಡಿದರಾಯಿತು. ಕೆಳಗಿನ ಸಾರಾಂಶದ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಎರಡು ವಾರ ಬರೆಯುತ್ತಾರೆ, ಆಮೇಲೆ ಆ ಜಾಗದಲ್ಲಿ ಹೂವು ಬಳ್ಳಿ ಬಿಡಿಸುತ್ತಾರೆ. ಎಡಗಡೆಯ ಪ್ರಶ್ನೆಗಳ ಪಟ್ಟಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬಾರದು.

ಯಾಕೆ ಎಂದು ಹೇಳಲು ಗೌರಿಬಿದನೂರು ತಾಲ್ಲೂಕಿನ ಹೊಸೂರಿಗೆ ಹೋಗಬೇಕು. 1920ರಲ್ಲಿ ಅಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಹೈಸ್ಕೂಲು ಓದಲೆಂದು ಬಸ್ಸಿಗೆ ಕಾಸಿಲ್ಲದೆ ಬೆಂಗಳೂರಿಗೆ ನಡೆದೇ ಹೋದವರು. 1936ರಲ್ಲಿ ಗಾಂಧೀಜಿ ವಿಶ್ರಾಂತಿಗೆಂದು ನಂದಿಬೆಟ್ಟದಲ್ಲಿ ತಂಗಿದ್ದರು. ಅದೇ ವರ್ಷ ಅವರು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೂ ಬಂದರು. ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಲು ಆರಿಸಿದ್ದು ಈ ಹೊಸೂರಿನ ಹುಡುಗನನ್ನು. ಭಾಷಣ ಅನುವಾದಿಸಲು ನಿಂತವನಿಗೆ ಪದಪದ ಬರೆದುಕೊಳ್ಳುವ ಬಿಡುವಿರುವುದಿಲ್ಲ. ಮಾತಿನ ಹುರುಳು ಹಿಡಿದು, ಅದನ್ನು ತನ್ನ ಭಾಷೆಯಲ್ಲಿ ಮರುಗಳಿಗೆಗೇ ಹೇಳಬೇಕು. ಇಂಗ್ಲಿಷ್ ಪಾಠ ಕೇಳುತ್ತಾ ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಳ್ಳುವ ಇಂದಿನ ಹುಡುಗಿ ಮಾಡುವುದೂ ಇದೇ ಕೆಲಸವನ್ನು. ವ್ಯತ್ಯಾಸವೆಂದರೆ ಅವಳ ಎದುರು ಸಭೆ ಇಲ್ಲ.

ನರಸಿಂಹಯ್ಯನವರು ಮುಂದೆ ವಿಶ್ವೇಶ್ವರಯ್ಯನವರು ಓದಿದ ಅದೇ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದರು, ನಡುವೆ 1942ರ ಚಳವಳಿಯಲ್ಲಿ ಜೈಲಿಗೆ ಹೋದರು, ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ತಂದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಗೌರಿಬಿದನೂರು, ಬಾಗೇಪಲ್ಲಿಗಳಿಗೆ ನ್ಯಾಷನಲ್ ಕಾಲೇಜುಗಳು ಬಂದದ್ದೂ ಅವರಿಂದಲೇ. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಎಂದು ಜೀವನಪೂರ್ತಿ ಹೇಳುತ್ತಾ ಬಂದರು. ಅದನ್ನು ನಾವು ಪವಾಡ, ಬಾಬಾಗಳ ವಿಷಯಕ್ಕೆ ಮಾತ್ರ ಸೇರಿಸಿಬಿಟ್ಟಿದ್ದೇವೆ. ಅವರು ಮೂಲತಃ ಫಿಸಿಕ್ಸ್ ಮೇಷ್ಟ್ರು. ಪ್ರಶ್ನೆ ಕೇಳದೆ ಒಪ್ಪಬೇಡಿ ಎಂಬ ಅವರ ಮಾತು ನೋಟ್‌ಬುಕ್ಕಿನ ಎಡಗಡೆಯ ಪಟ್ಟಿಗೂ ಸಲ್ಲುತ್ತದೆ.

ಹತ್ತಿರದ್ದೇ ಉದಾಹರಣೆ ನೋಡಿ. ಬಿ.ಎ. ಇತಿಹಾಸದಲ್ಲಿ ವಿದುರಾಶ್ವತ್ಥದ ಪಾಠ. ಬರೆಸಿದ ನೋಟ್ಸ್ ಹೀಗಿರುತ್ತದೆ: 'ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ನಡೆದ ಗೋಲಿಬಾರ್ ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂದು ಪ್ರಸಿದ್ಧವಾಗಿದೆ...' ಇದನ್ನು ಉರು ಹೊಡೆಯಬಹುದು, ಅರ್ಥ ಮಾಡಿಕೊಳ್ಳಲು ಇದರಲ್ಲಿ ಏನೂ ಇಲ್ಲ. ಕೇಳುತ್ತಾ ಬರೆದ ಟಿಪ್ಪಣಿ ಬೇರೆ ತರ ಇರುತ್ತದೆ. 'ಶಿವಪುರ, ಏ. ಮಧ್ಯ, ಧ್ವಜ ಸತ್ಯಾಗ್ರಹ → ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟಕ್ಕೆ ತಡೆ → ಜಾತ್ರೆ, ಜನ ಸೇರಿದ್ದಾರೆ → 25 ಗೋಲಿಬಾರ್ → ಪಟೇಲ್ + ದಿವಾನ ಮಿರ್ಜಾ ಒಪ್ಪಂದ → ಬಾವುಟಕ್ಕೆ ಅವಕಾಶ.' ವಾಕ್ಯವೇ ಇಲ್ಲ, ಆದರೆ ಯಾವುದರಿಂದ ಯಾವುದು ಆಯಿತು ಎಂಬುದು ಕಣ್ಣಿಗೆ ಕಾಣುತ್ತದೆ. ಅದೇ ಸಂಜೆ ಎಡಗಡೆ ಬರೆಯಬೇಕಾದ ಪ್ರಶ್ನೆಗಳು: 'ಬಾವುಟಕ್ಕೆ ಸರ್ಕಾರ ಯಾಕೆ ಅಷ್ಟು ಹೆದರಿತು?' 'ಸತ್ತವರ ಸಂಖ್ಯೆ ಸರ್ಕಾರದ ಲೆಕ್ಕದಲ್ಲಿ ಕಡಿಮೆ, ಜನರ ಲೆಕ್ಕದಲ್ಲಿ ಹೆಚ್ಚು, ಯಾಕೆ?' ಎರಡನೆಯ ಪ್ರಶ್ನೆ ಬರೆದ ವಿದ್ಯಾರ್ಥಿ ಇತಿಹಾಸದ ವಿದ್ಯಾರ್ಥಿ. ಬರೆಯದವರು ಪರೀಕ್ಷೆಯ ವಿದ್ಯಾರ್ಥಿಗಳು.

ವಿಷಯದಿಂದ ವಿಷಯಕ್ಕೆ ಟಿಪ್ಪಣಿಯ ರೂಪ ಬದಲಾಗುತ್ತದೆ ಎಂಬುದು ಇದರಿಂದಲೇ ತಿಳಿಯುತ್ತದೆ. ಎಂಜಿನಿಯರಿಂಗ್ ಹುಡುಗರು ಬೋರ್ಡಿನ ಮೇಲಿನ ಡಿರೈವೇಶನ್ ಅನ್ನು ಅಕ್ಷರ ತಪ್ಪದೆ ಇಳಿಸಿಕೊಳ್ಳುತ್ತಾರೆ. ಅದು ಟೆಕ್ಸ್ಟ್ ಬುಕ್ಕಿನಲ್ಲೂ ಹಾಗೇ ಇದೆ. ಪುಸ್ತಕ ಹೇಳದ್ದು, ಸರ್ ಬಾಯಲ್ಲಿ ಮಾತ್ರ ಹೇಳುವುದು, ಮೂರನೇ ಸಾಲಿನಿಂದ ನಾಲ್ಕನೇ ಸಾಲಿಗೆ ಹೋದದ್ದು ಯಾವ ಧೈರ್ಯದಿಂದ ಎಂಬುದು. ತೊಲೆ ಬಾಗುವ ಸಮೀಕರಣ ತೆಗೆದುಕೊಳ್ಳಿ. 'ಬಾಗುವ ಮೊದಲು ಸಪಾಟಾಗಿದ್ದ ಅಡ್ಡಕೊಯ್ತ ಬಾಗಿದ ಮೇಲೂ ಸಪಾಟಾಗಿಯೇ ಉಳಿಯುತ್ತದೆ ಎಂದುಕೊಂಡಿದ್ದೇವೆ' ಎಂಬ ಒಂದು ಊಹೆ ತೆಗೆದರೆ ಉಳಿದದ್ದೆಲ್ಲ ಕುಸಿಯುತ್ತದೆ. ಆ ಮಾತನ್ನು ಆ ಸಾಲಿನ ಪಕ್ಕವೇ ಬರೆದುಕೊಳ್ಳಬೇಕು. ಅಕೌಂಟೆನ್ಸಿಯಲ್ಲೂ ಹಾಗೇ. ಲೆಕ್ಕ ಇಳಿಸಿಕೊಂಡರೆ ಸಾಲದು. ಈ ಮೊತ್ತ ಡೆಬಿಟ್ ಕಡೆಗೆ ಯಾಕೆ ಹೋಯಿತು ಎಂಬ ಅರ್ಧ ಸಾಲು ಪಕ್ಕದಲ್ಲಿ ಇರಬೇಕು.

ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜಿದೆ. ಅಲ್ಲಿಗೆ ಬರುವ ರೈತರ ಮಕ್ಕಳಿಗೆ ಒಂದು ಅನುಕೂಲ ಉಂಟು, ಅದನ್ನು ಅವರೇ ಮರೆತಿರುತ್ತಾರೆ. ಪುಸ್ತಕ ಹೇಳುವ ಮೋಲ್ಟ್ ಅಂದರೆ ಅವರ ಮನೆಯಲ್ಲಿ 'ಜ್ವರ': ಹುಳು ಮೇಯುವುದು ಬಿಟ್ಟು, ತಲೆಯೆತ್ತಿ ಕೂತು, ಪೊರೆ ಕಳಚುವ ಹೊತ್ತು. ನಾಲ್ಕು ಜ್ವರ, ಐದು ಇನ್‌ಸ್ಟಾರ್ (ಹುಳುವಿನ ಹಂತಗಳು), ಮೊದಲೆರಡು ಇನ್‌ಸ್ಟಾರ್ ಸೇರಿ ಚಾಕಿ. ಅಮ್ಮನಿಂದ ಕೇಳಿ ಬೆಳೆದ ಪದವನ್ನು ಪಠ್ಯದ ಪದದ ಪಕ್ಕ ಬರೆದುಕೊಂಡರೆ ಆ ಪುಟವನ್ನು ಉರು ಹೊಡೆಯುವ ಅಗತ್ಯವೇ ಬೀಳುವುದಿಲ್ಲ. ಎಷ್ಟೋ ಮಕ್ಕಳು ಅದನ್ನು ಬರೆಯಲು ನಾಚುತ್ತಾರೆ. ಕಾಲೇಜಿನ ಪುಸ್ತಕದಲ್ಲಿ ಹಟ್ಟಿಯ ಮಾತೇ ಎಂಬ ಸಂಕೋಚ. ನೋಟ್‌ಬುಕ್ಕನ್ನು ತಿದ್ದುವವರು ಯಾರೂ ಇಲ್ಲ, ಅಂಕ ಹಾಕುವವರೂ ಇಲ್ಲ. ಪಾರಿಭಾಷಿಕ ಪದ ಇಂಗ್ಲಿಷ್, ವಿವರಣೆ ಕನ್ನಡ, ಗುಟ್ಟು ತೆಲುಗು ಎಂದು ಮೂರೂ ಬೆರೆತಿದ್ದರೂ ಅದು ನಿಮ್ಮ ಟಿಪ್ಪಣಿಯೇ. ಶುದ್ಧ ಇಂಗ್ಲಿಷ್ ವಾಕ್ಯ ಕಟ್ಟುವ ಕೆಲಸ ಉತ್ತರ ಬರೆದು ಅಭ್ಯಾಸ ಮಾಡುವ ಹೊತ್ತಿಗೆ ಇರಲಿ, ಕೇಳುವ ಹೊತ್ತಿಗೆ ಬೇಡ.

ಬೇಗ ಬರೆಯಲು ಕನ್ನಡದಲ್ಲಿ ಸೌಕರ್ಯವಿಲ್ಲ ಎನ್ನುವವರಿದ್ದಾರೆ. ಹೆಸರು ಮೊಟಕು ಮಾಡುವುದರಲ್ಲಿ ನಮ್ಮನ್ನು ಮೀರಿಸಿದವರುಂಟೇ? ಬಿ.ಎಂ.ಶ್ರೀ., ಅ.ನ.ಕೃ., ತ.ರಾ.ಸು., ತೀ.ನಂ.ಶ್ರೀ., ಡಿ.ವಿ.ಜಿ. ಎಂದು ದಿಗ್ಗಜರನ್ನೇ ಮೂರು ಅಕ್ಷರಕ್ಕೆ ಇಳಿಸಿದ ನಾಡು ಇದು. 'ರಾಷ್ಟ್ರೀಯ ಆದಾಯ'ವನ್ನು ರಾ.ಆ. ಎಂದು, 'ಉದಾಹರಣೆಗೆ' ಎಂಬುದನ್ನು ಉದಾ ಎಂದು, 'ಕಾರಣ'ವನ್ನು ಬರಿಯ ಕಾ ಎಂದು ಬರೆಯಲು ಅಡ್ಡಿ ಏನು? ಏರಿಕೆಗೆ ಮೇಲ್ಮುಖ ಬಾಣ, ಇಳಿಕೆಗೆ ಕೆಳಮುಖ. ಒಂದೇ ಎಚ್ಚರ: ಸೆಮಿಸ್ಟರಿನ ಮೊದಲ ಪುಟದಲ್ಲಿ ಸಂಕೇತಗಳ ಪಟ್ಟಿ ಇರಲಿ. ಇಲ್ಲದಿದ್ದರೆ ಪರೀಕ್ಷೆಯ ಹಿಂದಿನ ರಾತ್ರಿ ರಾ.ಆ. ಎಂದರೆ ರಾಜಕೀಯ ಆರ್ಥಿಕತೆಯೋ ಇನ್ನೇನೋ ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಪೆನ್ನೋ ಲ್ಯಾಪ್‌ಟಾಪೋ ಎಂಬ ಜಗಳಕ್ಕೆ ನಾನು ಹೆಚ್ಚು ಜಾಗ ಕೊಡುವುದಿಲ್ಲ. 2014ರಲ್ಲಿ ಪ್ಯಾಮ್ ಮುಲ್ಲರ್, ಡೇನಿಯಲ್ ಓಪನ್‌ಹೈಮರ್ ಎಂಬ ಸಂಶೋಧಕರು ಲ್ಯಾಪ್‌ಟಾಪಿನಲ್ಲಿ ಟಿಪ್ಪಣಿ ಮಾಡಿಕೊಂಡವರು ಹೆಚ್ಚು ಪದ ಇಳಿಸಿಕೊಂಡರೂ ಪರಿಕಲ್ಪನೆಯ ಪ್ರಶ್ನೆಗಳಲ್ಲಿ ಹಿಂದೆ ಬಿದ್ದರೆಂದು ತೋರಿಸಿದ್ದರು. ಲೋಕವೆಲ್ಲ ಅದನ್ನು ಹೊತ್ತು ಮೆರೆಯಿತು. 2021ರಲ್ಲಿ ಬೇರೆ ತಂಡ ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ, ಟೈಪ್ ಮಾಡುವವರು ಹೇಳಿದ್ದನ್ನೇ ಹಾಗ್ಹಾಗೇ ಇಳಿಸುತ್ತಾರೆ ಎಂಬುದು ನಿಜವೆಂದು ಕಂಡಿತು. ಅಂಕಗಳ ವ್ಯತ್ಯಾಸ ಮಾತ್ರ ಗಟ್ಟಿಯಾಗಿ ಸಿಗಲಿಲ್ಲ. ಅಂದರೆ ದೋಷ ಕೀಲಿಮಣೆಯದಲ್ಲ, ಹಾಗ್ಹಾಗೇ ಇಳಿಸುವ ಚಾಳಿಯದು. ಆ ಲೆಕ್ಕದಲ್ಲಿ ನಮ್ಮ ಡಿಕ್ಟೇಶನ್ ತರಗತಿ, ಪೆನ್ನು ಹಿಡಿದಿದ್ದರೂ, ಲ್ಯಾಪ್‌ಟಾಪಿನ ಕಡೆಗೇ ಸೇರಬೇಕು.

ಮೊಬೈಲಿನ ಕಥೆ ಇನ್ನೂ ಸರಳ. ಬೋರ್ಡಿನ ಫೋಟೊ ಹೊಡೆದುಕೊಂಡ ಹುಡುಗನಿಗೆ ಪಾಠ ಕೈಸೇರಿದ ಸಮಾಧಾನ ಸಿಗುತ್ತದೆ. ಫೋಟೊ ಗ್ಯಾಲರಿಯಲ್ಲಿ ಶುಭೋದಯದ ಸಂದೇಶಗಳ ನಡುವೆ ಮುಳುಗುತ್ತದೆ. ಕಷ್ಟದ ಚಿತ್ರವೊಂದನ್ನು ಆಮೇಲೆ ನಿಧಾನವಾಗಿ ಬಿಡಿಸಿಕೊಳ್ಳಲು ಫೋಟೊ ತೆಗೆಯುವುದು ಸರಿಯೇ. ಬಿಡಿಸಿಕೊಂಡ ಮೇಲೆ ಅಳಿಸುವವರು ಜಾಣರು. ಧ್ವನಿಮುದ್ರಿಸಿ ಯಂತ್ರದಿಂದ ಸಾರಾಂಶ ಮಾಡಿಸುವ ಹೊಸ ಹುಚ್ಚಿನ ಬಗ್ಗೆಯೂ ಇಷ್ಟೇ: ಆಯ್ಕೆಯ ಕೆಲಸವನ್ನು ಯಂತ್ರ ಮಾಡಿದರೆ ಕಲಿತದ್ದು ಯಾರು?

ಟಿಪ್ಪಣಿಯ ಅರ್ಧ ಕೆಲಸ ಬರೆಯುವಾಗ ಆದರೆ ಉಳಿದರ್ಧ ಆಮೇಲೆ. ಹೆರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಉರು ಹೊಡೆದು, ಎಷ್ಟು ಬೇಗ ಮರೆಯುತ್ತೇನೆಂದು ಅಳೆದು 1885ರಲ್ಲಿ ಪ್ರಕಟಿಸಿದ. ಕಲಿತದ್ದರ ಹೆಚ್ಚಿನ ಪಾಲು ಮೊದಲ ದಿನದೊಳಗೇ ಜಾರುತ್ತದೆ, ಆಮೇಲಿನ ಮರೆವು ನಿಧಾನ. ಅರ್ಥವಿರುವ ಪಾಠ ಅಷ್ಟು ಬೇಗ ಹೋಗುವುದಿಲ್ಲ ನಿಜ. ಆದರೆ ಅರ್ಥವಾಗದೆ ಬರೆದುಕೊಂಡ ಇಂಗ್ಲಿಷ್ ಪ್ಯಾರಾ ಅವನ ಉಚ್ಚಾರಗಳಿಗಿಂತ ಎಷ್ಟು ಮೇಲು? ಹಾಗಾಗಿ ಅದೇ ದಿನ, ಗುಡಿಬಂಡೆ ಕಡೆಗೆ ಹೊರಟ ಸಂಜೆ ಬಸ್ಸಿನಲ್ಲಾದರೂ ಸರಿ, ಸೀಟು ಸಿಕ್ಕ ಹತ್ತು ನಿಮಿಷ ಸಾಕು: ಅರ್ಧಕ್ಕೆ ನಿಂತ ಸಾಲು ಪೂರ್ತಿ ಮಾಡಿ, ಎಡಗಡೆ ಪ್ರಶ್ನೆ ಹಾಕುವುದು.

ಆಮೇಲೆ? ಮತ್ತೆ ಮತ್ತೆ ಓದುವುದಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್, ಕಾರ್ಪಿಕ್ ಎಂಬಿಬ್ಬರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. ಒಂದು ಗುಂಪು ಒಂದು ಪಾಠವನ್ನು ನಾಲ್ಕು ಸಲ ಓದಿತು. ಇನ್ನೊಂದು ಒಂದು ಸಲ ಓದಿ, ಮೂರು ಸಲ ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದರೆ ಓದಿದವರೇ ಮುಂದು. ವಾರದ ನಂತರ ಕೇಳಿದಾಗ ಓದಿದವರಿಗೆ ನೆನಪಿದ್ದದ್ದು ಸುಮಾರು 40 ಪ್ರತಿಶತ, ಬರೆದವರಿಗೆ ಸುಮಾರು 60. ಪರೀಕ್ಷೆಯ ಬೆಳಿಗ್ಗೆ ಗೇಟಿನ ಹೊರಗೆ ಪುಟ ತಿರುಗಿಸುತ್ತಾ ನಿಂತವರಿಗೆ 'ಎಲ್ಲಾ ಬರ್ತಿದೆ' ಅನ್ನಿಸುವುದು ಆ ಐದು ನಿಮಿಷದ ಮೋಸ. ಬಲಗಡೆಯನ್ನು ಕೈಯಿಂದ ಮುಚ್ಚಿ, ಎಡಗಡೆಯ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ, ಆಮೇಲೆ ಕೈ ತೆಗೆದು ನೋಡುವುದು. ಪ್ರಶ್ನೆಗಳ ಪಟ್ಟಿಯನ್ನು ಬಿಡಬಾರದು ಎಂದದ್ದು ಇದಕ್ಕೇ.

ಲೋಕದಲ್ಲಿ ಅತಿ ಹೆಚ್ಚು ಲಾಭ ತಂದ ನೋಟ್ಸ್ ಬಹುಶಃ ವಿಜ್ಞಾನಿ ಮೈಕೆಲ್ ಫ್ಯಾರಡೆಯದು. ಲಂಡನ್ನಿನಲ್ಲಿ ಪುಸ್ತಕಗಳಿಗೆ ಬೈಂಡ್ ಹಾಕುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಆ ಬಡ ಹುಡುಗ 1812ರಲ್ಲಿ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್ಟಿನಿಂದ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸ ಕೇಳಿದ. ಅಲ್ಲಿ ಕೂತು ಗೀಚಿಕೊಂಡದ್ದು ತುಂಡು ಟಿಪ್ಪಣಿ. ಮನೆಗೆ ಬಂದು ನೆನಪಿನಿಂದ ಅದನ್ನು ವಿಸ್ತರಿಸಿ, ಉಪಕರಣಗಳ ಚಿತ್ರ ಬಿಡಿಸಿ, ಸುಮಾರು 300 ಪುಟ ಮಾಡಿ, ತಾನೇ ಬೈಂಡ್ ಹಾಕಿ ಡೇವಿಗೆ ಕಳಿಸಿದ. 1813ರ ಮಾರ್ಚ್‌ನಲ್ಲಿ ರಾಯಲ್ ಇನ್‌ಸ್ಟಿಟ್ಯೂಶನ್ನಿನಲ್ಲಿ ಅವನಿಗೆ ಕೆಲಸ ಸಿಕ್ಕಿತು. ಡೇವಿ ಏನನ್ನೂ ಬರೆಸಿರಲಿಲ್ಲ. ಫ್ಯಾರಡೆಗೆ ಅದೇ ಅನುಕೂಲವಾಯಿತು.

ಒಬ್ಬರ ಟಿಪ್ಪಣಿ ಎಂದೂ ಪೂರ್ತಿಯಲ್ಲ ಎಂಬುದಕ್ಕೂ ದೊಡ್ಡ ಉದಾಹರಣೆ ಇದೆ. ಆಧುನಿಕ ಭಾಷಾವಿಜ್ಞಾನದ ಮೂಲಗ್ರಂಥವೆನಿಸಿದ ಸೊಸ್ಯೂರನ ಪುಸ್ತಕವನ್ನು ಸೊಸ್ಯೂರ್ ಬರೆಯಲೇ ಇಲ್ಲ. ಜಿನೀವಾದಲ್ಲಿ ಅವನ ಪಾಠ ಕೇಳಿದ ವಿದ್ಯಾರ್ಥಿಗಳ ನೋಟ್‌ಬುಕ್ಕುಗಳನ್ನು ಪಕ್ಕಪಕ್ಕ ಇಟ್ಟು, ಅವನು ತೀರಿಕೊಂಡ ಮೇಲೆ ಸಹೋದ್ಯೋಗಿಗಳು 1916ರಲ್ಲಿ ಅದನ್ನು ಕಟ್ಟಿದರು. ನಮ್ಮಲ್ಲೂ ಅಷ್ಟೇ. ಮೂರು ಜನ ಗೆಳತಿಯರು ವಾರಕ್ಕೊಮ್ಮೆ ಕ್ಯಾಂಟೀನಿನಲ್ಲಿ ಕೂತು ಒಂದೇ ಪೀರಿಯಡ್ಡಿನ ಮೂರು ಟಿಪ್ಪಣಿಗಳನ್ನು ಹೋಲಿಸಿದರೆ ಒಬ್ಬಳಿಗೆ ತಪ್ಪಿದ್ದು ಇನ್ನೊಬ್ಬಳಲ್ಲಿ ಸಿಗುತ್ತದೆ. ಮೂವರಿಗೂ ತಪ್ಪಿದ್ದು ಸರ್ ಹತ್ತಿರ ಹೋಗಿ ಕೇಳಬೇಕಾದ ಪ್ರಶ್ನೆ. ಬರೆಸಿದ ನೋಟ್ಸ್ ಆದರೆ ಮೂರೂ ಒಂದೇ, ಹೋಲಿಸಲು ಏನೂ ಇರುವುದಿಲ್ಲ.

ಇಷ್ಟೆಲ್ಲ ವಿದ್ಯಾರ್ಥಿಗಳ ಪಾಲಿನದು. ಲೆಕ್ಚರರ್‌ಗಳ ಪಾಲಿನದೂ ಒಂದಿದೆ, ಖರ್ಚು ಜಾಸ್ತಿಯಿಲ್ಲ. ಪ್ರತಿವರ್ಷ ಬರೆಸುವ ಆ ಹಳೆಯ ಹಾಳೆಯನ್ನು ಘಟಕದ ಮೊದಲ ದಿನವೇ ಎಲ್ಲರಿಗೂ ಕೊಟ್ಟುಬಿಡಲಿ. ಪೂರ್ತಿ ಕೊಡದೆ, ಮುಖ್ಯ ಜಾಗಗಳನ್ನು ಖಾಲಿ ಬಿಟ್ಟು ಕೊಡಲಿ. ಪಾಠ ಕೇಳಿದವರಿಗೆ ಮಾತ್ರ ತುಂಬಲು ಬರುವಂತೆ. ಪೀರಿಯಡ್ಡಿನ ಕೊನೆಯಲ್ಲಿ ಬರೆಸುತ್ತಿದ್ದ ಇಪ್ಪತ್ತು ನಿಮಿಷ ಉಳಿಯುತ್ತದೆ. ಆ ಇಪ್ಪತ್ತು ನಿಮಿಷಕ್ಕೆ ಏನು ಮಾಡುವುದು ಎಂದು ಕೇಳುವವರು, ಹಿಂದಿನ ಬೆಂಚಿನಿಂದ ಶುರು ಮಾಡಿ ಐದು ಮಂದಿಯಿಂದ ಅವರವರ ಎಡಗಡೆಯ ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿಸಲಿ.